ಹಾಲು ತಂಪು ಮಾಡುವ ಯಂತ್ರದ ದೋಷಗಳು ಮತ್ತು ಅವುಗಳ ಪರಿಹಾರ: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಮಗಳಿಗೆ ಸೂಚನೆಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಬಹು ಕಡಮೆ ಮಳೆ ಬೀಳುವ ಸೀಮೆಗೆ ಸೇರಿದವುಗಳೆಂಬುದು ಎಲ್ಲರೂ ಬಲ್ಲ ವಿಷಯ. ಮಳೆಯನ್ನೇ ನಂಬಿ ಬಿತ್ತಿದ ಶೇಂಗಾ ಕೈಕೊಟ್ಟ ವರ್ಷದಲ್ಲಿ ಒಕ್ಕಲಿನ ಮನೆಯ ನಿತ್ಯದ ಖರ್ಚನ್ನು ನಡೆಸುವುದು ಕೊಟ್ಟಿಗೆಯಲ್ಲಿರುವ ಒಂದೆರಡು ಹಸು ಎಮ್ಮೆಗಳೇ. ಹೀಗಿರುವಲ್ಲಿ ಗ್ರಾಮದ ಹಾಲು ಕೆಟ್ಟಿತೆಂದರೆ ಅದು ಒಬ್ಬರ ನಷ್ಟವಲ್ಲ. ಸಂಘದ ತೊಟ್ಟಿಯಲ್ಲಿ ಎಲ್ಲರ ಹಾಲೂ ಒಂದಾಗಿ ಬೆರೆಯುವುದರಿಂದ, ಒಂದು ಹೊತ್ತು ಯಂತ್ರ ನಿಂತರೆ ಅಂದಿನ ಇಡೀ ಊರಿನ ಸಂಪಾದನೆಯೇ ಹುಳಿಯಾಗುವುದು. ಆದುದರಿಂದ ಈ ಯಂತ್ರದ ವಿಷಯವಾಗಿ ಗ್ರಾಮದ ಮುಖಂಡರೂ ಭೂಮಾಲೀಕರೂ ಕೆಲವು ಅಂಶಗಳನ್ನು ತಿಳಿದಿರುವುದು ಅವಶ್ಯಕ.

ಹಾಲನ್ನು ಕೆಡದಂತೆ ಇಡುವ ಚಿಂತೆ ಈ ಸೀಮೆಗೆ ಹೊಸದಲ್ಲ. ಮೈಸೂರು ಅರಸರಾದ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಮುಂದೆ ಅಮೃತಮಹಲ್ ಎನಿಸಿತು. ಚಳ್ಳಕೆರೆಯ ಸುತ್ತಲಿನ ಕಾವಲುಗಳು ಅದರ ಹೆಸರನ್ನು ಉಳಿಸಿಕೊಂಡಿವೆ. ಹಾಲನ್ನು ಹಾಲಾಗಿಯೇ ದೂರಕ್ಕೆ ಸಾಗಿಸುವ ಉಪಾಯವಿಲ್ಲದ ಆ ಕಾಲದಲ್ಲಿ ಬೆಣ್ಣೆ ತುಪ್ಪಗಳನ್ನು ಮಾಡುವುದೇ ದಾರಿಯಾಗಿತ್ತು. 1974 ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮವೂ 1984 ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯೂ ಏರ್ಪಟ್ಟು, ಗ್ರಾಮಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದ ಮೇಲೆ ಹಾಲು ಹಾಲಾಗಿಯೇ ಪಟ್ಟಣಕ್ಕೆ ಹೋಗುವಂತಾಯಿತು. ಡೈರಿಯು ದೂರವಿರುವ ಸೀಮೆಗಳಲ್ಲಿ, ಕೆಲವು ಗ್ರಾಮಗಳ ಹಾಲನ್ನು ಒಂದೆಡೆ ಸೇರಿಸಿ ಅಲ್ಲಿಯೇ ತಂಪು ಮಾಡುವ ತೊಟ್ಟಿಗಳನ್ನು ಇಡಲಾಗಿದೆ. ಜನರು ಇದನ್ನು ಬಿ.ಎಂ.ಸಿ. ಎಂದೂ ಕೂಲರ್ ಎಂದೂ ಕರೆಯುವರು.

ಕರೆದ ಕೂಡಲೇ ಹಾಲಿನ ಉಷ್ಣಮಾನವು ಹಸುವಿನ ಮೈಯ ಕಾವಿನಷ್ಟೇ, ಎಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರುವುದು. ಈ ಕಾವಿನಲ್ಲಿ ಹುಳಿ ಹುಟ್ಟಿಸುವ ಸೂಕ್ಷ್ಮಜೀವಿಗಳು ಅರ್ಧ ಗಂಟೆಯೊಳಗಾಗಿಯೇ ಇಮ್ಮಡಿಯಾಗಬಲ್ಲವು. 4 ಡಿಗ್ರಿಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹಳ ನಿಧಾನವಾಗುವುದು, ಆದರೆ ಅವು ಸಾಯುವುದಿಲ್ಲ. ಆದಕಾರಣ ತಂಪು ಮಾಡುವ ಯಂತ್ರವು ಒಳ್ಳೆಯ ಹಾಲನ್ನು ಒಳ್ಳೆಯದಾಗಿ ಇಡಬಲ್ಲುದೇ ಹೊರತು ಕೆಟ್ಟ ಹಾಲನ್ನು ಸರಿಪಡಿಸಲಾರದು.

ಯಂತ್ರದ ತತ್ತ್ವ

ಈ ಯಂತ್ರವು ತಂಪನ್ನು ಹುಟ್ಟಿಸುವುದಿಲ್ಲ, ಹಾಲಿನಲ್ಲಿರುವ ಕಾವನ್ನು ತೆಗೆದು ಹೊರಗಿನ ಗಾಳಿಗೆ ಎಸೆಯುತ್ತದೆ. 1,000 ಲೀಟರು ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಬೇಕಾದರೆ ಸುಮಾರು 30,000 ಕಿಲೋ ಕ್ಯಾಲೊರಿಯಷ್ಟು ಕಾವನ್ನು ಹೊರಹಾಕಬೇಕು. ತೊಟ್ಟಿಯ ತಳದಲ್ಲಿ ಹರಿಯುವ ಗ್ಯಾಸು ಕಾವನ್ನು ಹೀರಿಕೊಳ್ಳುವುದು. ಕಂಪ್ರೆಸರ್ ಆ ಗ್ಯಾಸನ್ನು ಒತ್ತಿ ಕಳುಹಿಸುವುದು. ಬಲೆಯಂತಿರುವ ಕಂಡೆನ್ಸರಿನಲ್ಲಿ ಫ್ಯಾನಿನ ಗಾಳಿಯು ಆ ಕಾವನ್ನು ಒಯ್ಯುವುದು. ಹೊರಗಿನ ಗಾಳಿಯೇ 40 ಡಿಗ್ರಿಯ ಹತ್ತಿರವಿದ್ದು ಬಲೆಯಲ್ಲಿ ಧೂಳು ತುಂಬಿದ್ದರೆ ಕಾವು ಹೋಗುವುದಾದರೂ ಎಲ್ಲಿಗೆ? ಈ ಸೀಮೆಯಲ್ಲಿ ಯಂತ್ರ ಸೋಲುವುದಕ್ಕೆ ಅನೇಕ ವೇಳೆ ಕಾರಣವು ಯಂತ್ರದ ಒಳಗಿರದೆ ಹೊರಗಿನ ಬಿಸಿಲು, ಧೂಳು, ವಿದ್ಯುತ್ತು, ನೀರು ಇವುಗಳಲ್ಲಿಯೇ ಇರುವುದು. ಮೆಕ್ಯಾನಿಕ್ಕನ್ನು ಕರೆಯುವುದಕ್ಕೆ ಮೊದಲು ಕ್ರಮವಾಗಿ ನೋಡಬೇಕಾದ ವಿಷಯಗಳನ್ನು ಮುಂದೆ ಕೊಡಲಾಗಿದೆ.

1. ಯಂತ್ರ ನಡೆಯುತ್ತಿದ್ದರೂ ಹಾಲು ತಣ್ಣಗಾಗದಿರುವುದು

ಮೊದಲು ಕಂಡೆನ್ಸರನ್ನು ನೋಡತಕ್ಕದ್ದು. ರಸ್ತೆಯ ಧೂಳು, ಶೇಂಗಾ ಹೊಟ್ಟು, ಕುರಿ ಉಣ್ಣೆಯ ಎಳೆಗಳು, ಹುಲ್ಲಿನ ಪುಡಿ ಇವು ಬಲೆಗೆ ಕಂಬಳಿ ಹೊದಿಸಿದಂತೆ ಅಂಟಿಕೊಳ್ಳುವುವು. ಮುಖ್ಯ ಸ್ವಿಚ್ಚನ್ನು ತೆಗೆದು, ಮೆತ್ತನೆಯ ಕುಂಚದಿಂದ ತಗಡಿನ ಎಳೆಗಳ ನೇರಕ್ಕೇ ಉಜ್ಜಿ, ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ಗಾಳಿಯನ್ನು ಊದಿ ಶುಚಿ ಮಾಡಬೇಕು. ಬೇಸಿಗೆಯಲ್ಲಿ ಇದನ್ನು ವಾರಕ್ಕೊಮ್ಮೆ ಮಾಡುವುದು ಒಳ್ಳೆಯದು. ಎರಡನೆಯದಾಗಿ ಫ್ಯಾನು ತಿರುಗುತ್ತಿದೆಯೇ ಎಂದು ನೋಡಬೇಕು. ಮೂರನೆಯದಾಗಿ, ಬಿಸಿಗಾಳಿ ಹೊರಗೆ ಹೋಗಲು ದಾರಿಯಿದೆಯೇ ಎಂದು ಪರೀಕ್ಷಿಸಬೇಕು. ಕಿಟಕಿಯಿಲ್ಲದ ಕೋಣೆಯಲ್ಲಿ ಗೋಡೆಗೆ ತಾಗಿಸಿ ಇಟ್ಟ ಯಂತ್ರವು ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಸೆಳೆದುಕೊಳ್ಳುವುದು. ಪಶ್ಚಿಮದ ಬಿಸಿಲು ಕಂಡೆನ್ಸರಿನ ಮೇಲೆ ಬೀಳದಂತೆ ಗಾಳಿಯಾಡುವ ಚಪ್ಪರವನ್ನು ಹಾಕಿಸಬೇಕು.

ಇವೆಲ್ಲ ಸರಿಯಿದ್ದೂ ಹಾಲು ತಣಿಯದಿದ್ದರೆ ಗ್ಯಾಸು ಸೋರಿರಬಹುದು. ಕೊಳವೆಗಳ ಕೂಡುಗಳಲ್ಲಿ ಎಣ್ಣೆಯ ಕಲೆ ಕಾಣುವುದೂ, ಗಾಜಿನ ಕಂಡಿಯಲ್ಲಿ ಬಿಡದೆ ಗುಳ್ಳೆಗಳು ಓಡುವುದೂ ಇದರ ಗುರುತುಗಳು. ಈ ಕೆಲಸ ಮೆಕ್ಯಾನಿಕ್ಕಿನದೇ. ಸೋರುವ ಜಾಗವನ್ನು ಮುಚ್ಚದೆ ಬರಿದೇ ಗ್ಯಾಸು ತುಂಬಿಸುವುದು ಒಡೆದ ಕೆರೆಗೆ ನೀರು ಹಾಯಿಸಿದಂತೆ. ಹಳೆಯ ಯಂತ್ರಗಳಲ್ಲಿರುವ ಆರ್-22 ಎಂಬ ಗ್ಯಾಸು ಆಕಾಶದ ಓಜೋನ್ ಪದರಕ್ಕೆ ಹಾನಿಕರವಾದುದರಿಂದ, 1987 ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದನ್ನು ಕ್ರಮೇಣ ಕೈಬಿಡಲಾಗುತ್ತಿದೆ. ಅದನ್ನು ಗಾಳಿಗೆ ಬಿಡಗೊಡದೆ ಸಿಲಿಂಡರಿಗೆ ಹಿಂದೆಗೆಯುವಂತೆ ಹೇಳಬೇಕು.

2. ಯಂತ್ರ ಪ್ರಾರಂಭವೇ ಆಗದಿರುವುದು

ಮೂರು ಫೇಸುಗಳೂ ಬರುತ್ತಿವೆಯೇ, ಫೇಸಿನಿಂದ ಫೇಸಿಗೆ 415 ವೋಲ್ಟಿನ ಆಸುಪಾಸಿನಲ್ಲಿದೆಯೇ ಎಂದು ಮೀಟರಿನಲ್ಲಿ ನೋಡಬೇಕು. ಇದಕ್ಕಿಂತ ನೂರಕ್ಕೆ ಹತ್ತರಷ್ಟು ಇಳಿದಿದ್ದರೂ ಕಂಪ್ರೆಸರಿಗೆ ಆಯಾಸ. ಒಂದು ಫೇಸು ಹೋದಾಗ ಯಂತ್ರವನ್ನು ನಿಲ್ಲಿಸುವ ಕಾವಲು ಸಾಧನವೊಂದು ಹಲಗೆಯಲ್ಲಿ ಇರುವುದು. ಅದು ಯಂತ್ರವನ್ನು ನಿಲ್ಲಿಸಿದರೆ ದೋಷ ಅದರದಲ್ಲ, ಲೈನಿನದು. ಅದನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಕಟ್ಟುವುದು ಅತ್ಯಂತ ಅಪಾಯಕರ. ಬಾವಿಯ ಪಂಪನ್ನು ಎರಡು ಫೇಸಿನಲ್ಲಿ ಕೆಪಾಸಿಟರು ಹಾಕಿ ಓಡಿಸುವ ಅಭ್ಯಾಸವನ್ನು ಇಲ್ಲಿಗೆ ಎಂದಿಗೂ ತರಕೂಡದು. ಕಂಪ್ರೆಸರು ಸುಟ್ಟುಹೋದರೆ ಸಂಘದ ಒಂದು ವರ್ಷದ ಉಳಿತಾಯವೂ ಸಾಲದೆ ಹೋಗಬಹುದು.

ಟ್ರಾನ್ಸ್‌ಫಾರ್ಮರಿನ ದುರಸ್ತಿಯಾದ ಮೇಲೆ ಫೇಸುಗಳ ಕ್ರಮ ತಿರುಗುಮುರುಗಾಗುವುದುಂಟು. ಆಗ ಕೆಲವು ಬಗೆಯ ಕಂಪ್ರೆಸರುಗಳು ಗಡಗಡ ಶಬ್ದ ಮಾಡುತ್ತ ಹಿಂದುಮುಂದಾಗಿ ತಿರುಗಿ, ತಂಪನ್ನೇ ಕೊಡುವುದಿಲ್ಲ. ಕೂಡಲೇ ನಿಲ್ಲಿಸಿ ಬಲ್ಲ ವಿದ್ಯುತ್ ಕೆಲಸದವರಿಂದ ಸರಿಪಡಿಸಿಕೊಳ್ಳಬೇಕು.

3. ಯಂತ್ರ ಪದೇ ಪದೇ ನಿಲ್ಲುವುದು

ಒತ್ತಡ ಮಿತಿ ಮೀರಿದಾಗ ಯಂತ್ರವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುವುದು. ಇದಕ್ಕೆ ಸಾಮಾನ್ಯವಾದ ಕಾರಣಗಳು ಮೊದಲನೆಯ ಅಂಶದಲ್ಲಿ ಹೇಳಿದ ಧೂಳು ಮತ್ತು ನಿಂತ ಫ್ಯಾನು. ಒಂದು ಸಲ ಕಾರಣ ತಿಳಿದು ಸರಿಮಾಡಿದ ಮೇಲೆ ಮಾತ್ರ ಗುಂಡಿಯನ್ನು ಒತ್ತಬೇಕು. ನಿಂತ ಯಂತ್ರವನ್ನು ಮತ್ತೆ ನಡೆಸುವುದಕ್ಕೆ ಮುಂಚೆ ಐದು ನಿಮಿಷವಾದರೂ ಬಿಡುವು ಕೊಡತಕ್ಕದ್ದು. ಒಳಗಿನ ಒತ್ತಡ ಸಮವಾಗುವ ಮೊದಲೇ ನಡೆಸಿದರೆ ಮೋಟಾರು ಏಳಲಾರದೆ ಬಿಸಿಯಾಗುವುದು.

4. ಹಾಲು ತಳದಲ್ಲಿ ಹೆಪ್ಪುಗಟ್ಟುವುದು

ಕಲಕುವ ರೆಕ್ಕೆ ನಿಂತಿದ್ದರೆ ಅಥವಾ ಹಾಲು ರೆಕ್ಕೆಯನ್ನು ಮುಟ್ಟದಷ್ಟು ಕಡಮೆಯಿದ್ದರೆ ತಳದ ಹಾಲು ಹಿಮವಾಗಿ, ಮೇಲಿನದು ಬೆಚ್ಚಗೇ ಉಳಿಯುವುದು. ಹೆಪ್ಪುಗಟ್ಟಿ ಕರಗಿದ ಹಾಲಿನಲ್ಲಿ ಜಿಡ್ಡು ಬೇರೆಯಾಗುವುದರಿಂದ ಪರೀಕ್ಷೆಯಲ್ಲಿಯೂ ತಪ್ಪು ಲೆಕ್ಕ ಬರುವುದು. ರೆಕ್ಕೆ ತಿರುಗದೆ ತಂಪು ಮಾಡಕೂಡದು.

5. ಮುಳ್ಳು 4 ತೋರಿಸಿದರೂ ಹಾಲು ಹುಳಿಯಾಗುವುದು

ಉಷ್ಣಮಾಪಕವೇ ಸುಳ್ಳು ಹೇಳುತ್ತಿರಬಹುದು. ಪುಡಿಮಾಡಿದ ಮಂಜುಗಡ್ಡೆಯನ್ನು ಸ್ವಲ್ಪ ನೀರಿನಲ್ಲಿ ಹಾಕಿ, ಕೈಯಲ್ಲಿ ಹಿಡಿಯುವ ಒಂದು ಉಷ್ಣಮಾಪಕವನ್ನು ಅದರಲ್ಲಿ ಅದ್ದಿದರೆ ಸೊನ್ನೆಯನ್ನು ತೋರಿಸಬೇಕು. ಹೀಗೆ ನಿಜವೆಂದು ಕಂಡ ಮಾಪಕವನ್ನು ಶುಚಿಮಾಡಿ ತೊಟ್ಟಿಯ ಹಾಲಿನಲ್ಲಿ ಅದ್ದಿ, ಯಂತ್ರದ ಲೆಕ್ಕದೊಡನೆ ಹೋಲಿಸಬೇಕು. ತಿಂಗಳಿಗೊಮ್ಮೆ ಈ ಪರೀಕ್ಷೆ ಸಾಕು.

ಮಾಪಕ ಸರಿಯಿದ್ದರೆ ಶುಚಿತ್ವವನ್ನು ಸಂದೇಹಿಸಬೇಕು. ಈ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರು ಗಡಸಾದುದು. ಅದರಲ್ಲಿ ತೊಳೆದ ತೊಟ್ಟಿಯ ಒಳಗೆ ಹಾಲಿನ ಅಂಶದೊಡನೆ ಸೇರಿ ಬಿಳಿಯ ಕಲ್ಲಿನಂಥ ಪೊರೆ ಕಟ್ಟುವುದು. ಅದು ಸೂಕ್ಷ್ಮಜೀವಿಗಳಿಗೆ ಮನೆ, ತಂಪಿಗೆ ತಡೆ. ತೊಟ್ಟಿ ಬರಿದಾದ ಕೂಡಲೇ ಉಗುರು ಬೆಚ್ಚಗಿನ ನೀರಿನಿಂದ ತೊಳೆದು, ಬಳಿಕ ಕ್ಷಾರದ ಪುಡಿ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಶುದ್ಧ ನೀರಿನಿಂದ ಜಾಲಿಸಬೇಕು. ವಾರಕ್ಕೊಮ್ಮೆ ಡೈರಿಯವರು ಕೊಡುವ ಆಮ್ಲದ ದ್ರಾವಣದಿಂದ ಪೊರೆಯನ್ನು ತೆಗೆಯಬೇಕು. ಕ್ಷಾರವನ್ನೂ ಆಮ್ಲವನ್ನೂ ಎಂದಿಗೂ ಒಂದಾಗಿ ಬೆರೆಸಕೂಡದು.

6. ಸಂಜೆಯ ಹಾಲು ಸೇರಿದಾಗ ಕಾವೇರುವುದು

ಬೆಳಗಿನ ತಣ್ಣನೆಯ ಹಾಲಿಗೆ ಸಂಜೆಯ ಬೆಚ್ಚಗಿನ ಹಾಲನ್ನು ಸುರಿದಾಗ ಮಿಶ್ರಣವು 10 ಡಿಗ್ರಿಯನ್ನು ಮೀರಬಾರದು. ಮೀರುವುದಾದರೆ ಒಮ್ಮೆಗೇ ಸುರಿಯದೆ ಕ್ಯಾನು ಕ್ಯಾನಾಗಿ ಬಿಡುವು ಕೊಟ್ಟು ಸುರಿಯಬೇಕು. ತೊಟ್ಟಿಯ ಶಕ್ತಿಗಿಂತ ಹೆಚ್ಚು ಹಾಲನ್ನು ಪಡೆದು ಯಂತ್ರವನ್ನು ದೂರುವುದು ನ್ಯಾಯವಲ್ಲ.

ಹೊಸ ಯಂತ್ರವನ್ನು ತರಿಸುವವರು ಅದರ ಫಲಕವನ್ನು ಓದಬೇಕು. ಅಲ್ಲಿ ‘2ಎ’ ಅಥವಾ ‘2ಬಿ’ ಎಂಬಂತೆ ಗುರುತಿರುವುದು. ಅಂಕೆಯು ಎಷ್ಟು ಹೊತ್ತಿನ ಹಾಲಿಗೆಂದೂ, ಅಕ್ಷರವು ಎಷ್ಟು ಬಿಸಿಯ ಗಾಳಿಗೆಂದೂ ಹೇಳುವುವು. ‘ಬಿ’ ವರ್ಗವನ್ನು 32 ಡಿಗ್ರಿಯ ಗಾಳಿಗೂ ‘ಎ’ ವರ್ಗವನ್ನು 38 ಡಿಗ್ರಿಯ ಗಾಳಿಗೂ ಅಳೆದಿರುವರು. ಚಳ್ಳಕೆರೆಯ ಬೇಸಿಗೆಯನ್ನು ಕಂಡವರಿಗೆ ಯಾವುದು ತಕ್ಕದ್ದೆಂದು ಹೇಳಬೇಕಾಗಿಲ್ಲ.

ಯಂತ್ರ ನಿಂತ ಹೊತ್ತಿನಲ್ಲಿ ಮಾಡತಕ್ಕದ್ದು

ತೊಟ್ಟಿಯಲ್ಲಿ ಆಗಲೇ ತಣಿದ ಹಾಲಿದ್ದರೆ ಮುಚ್ಚಳವನ್ನು ತೆಗೆಯಕೂಡದು. ಸುತ್ತಲಿನ ಶಾಖನಿರೋಧಕ ಹೊದಿಕೆಯು ತಂಪನ್ನು ಕೆಲಕಾಲ ಕಾಪಾಡುವುದು. ಹೊಸದಾಗಿ ಬಂದ ಬೆಚ್ಚಗಿನ ಹಾಲನ್ನು ಅದಕ್ಕೆ ಸುರಿಯದೆ, ಕ್ಯಾನುಗಳಲ್ಲಿಯೇ ಸಮೀಪದ ಇನ್ನೊಂದು ಕೂಲರಿಗೆ ಕಳುಹಿಸಬೇಕು. ಜನರೇಟರಿದ್ದಲ್ಲಿ ಅದರ ಎಣ್ಣೆ, ಬ್ಯಾಟರಿಗಳನ್ನು ವಾರಕ್ಕೊಮ್ಮೆ ನೋಡಿ ಸ್ವಲ್ಪ ಹೊತ್ತು ಓಡಿಸಿ ಇಟ್ಟಿರಬೇಕು. ಬೇಕಾದ ದಿನವೇ ಅದು ಏಳದಿದ್ದರೆ ಇದ್ದೂ ಇಲ್ಲದಂತೆ. ಹಾಲಿಗೆ ಮಂಜುಗಡ್ಡೆ ಹಾಕುವುದು ನೀರು ಬೆರೆಸಿದಂತೆಯೇ. ಸೋಡಾ ಮೊದಲಾದುವನ್ನು ಹಾಕಿ ಹುಳಿಯನ್ನು ಮರೆಸುವುದು 2006 ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ ಶಿಕ್ಷಾರ್ಹ.

ಮುಖಂಡರ ಕರ್ತವ್ಯ

ಸಂಘದ ಕಾರ್ಯದರ್ಶಿಯೊಬ್ಬನ ಮೇಲೆಯೇ ಈ ಭಾರವನ್ನೆಲ್ಲ ಹೊರಿಸುವುದು ಸರಿಯಲ್ಲ. ತೊಟ್ಟಿಯ ಪಕ್ಕದಲ್ಲಿ ಒಂದು ಪುಸ್ತಕವನ್ನು ಇರಿಸಿ, ಪ್ರತಿ ಹೊತ್ತೂ ಹಾಲು ಸುರಿದ ವೇಳೆ, ಆಗಿನ ಉಷ್ಣಮಾನ, 4 ಡಿಗ್ರಿಗೆ ಇಳಿದ ವೇಳೆ, ವೋಲ್ಟೇಜು ಈ ನಾಲ್ಕನ್ನು ಬರೆಯಿಸಬೇಕು. ಅಷ್ಟೇ ಹಾಲನ್ನು ಮೂರು ಗಂಟೆಯಲ್ಲಿ ತಣಿಸುತ್ತಿದ್ದ ಯಂತ್ರವು ನಾಲ್ಕು ಗಂಟೆ ತೆಗೆದುಕೊಳ್ಳತೊಡಗಿದರೆ, ಹಾಲು ಕೆಡುವುದಕ್ಕೆ ಎಷ್ಟೋ ದಿನ ಮೊದಲೇ ದೋಷವು ಪುಸ್ತಕದಲ್ಲಿ ಕಾಣುವುದು. ಮೆಕ್ಯಾನಿಕ್ಕಿಗೂ ಈ ಬರೆಹವೇ ರೋಗಿಯ ನಾಡಿ.

ಚಪ್ಪರ, ಕಿಟಕಿ, ನೆಲಕ್ಕೆ ಇಳಿಸಿದ ಅರ್ಥಿಂಗ್ ತಂತಿ, ಮೆತ್ತನೆಯ ನೀರಿನ ತೊಟ್ಟಿ ಇವುಗಳನ್ನು ಶಿವರಾತ್ರಿಗೆ ಮುಂಚಿತವಾಗಿಯೇ ಸರಿಪಡಿಸಿಟ್ಟರೆ, ಯುಗಾದಿಯ ಸುಡುಬಿಸಿಲಿನಲ್ಲಿ ಪರದಾಡಬೇಕಾಗಿಲ್ಲ. ಊರಿನಲ್ಲಿ ಸ್ಥಿತಿವಂತರಾದವರು ಈ ಸಣ್ಣ ವೆಚ್ಚಗಳಿಗೆ ಮುಂದಾಗುವುದು ಸ್ತುತ್ಯವಾದ ಕಾರ್ಯ. ಏಕೆಂದರೆ ಹತ್ತು ಹಸು ಕಟ್ಟಿದವನಿಗೆ ಒಂದು ಹೊತ್ತಿನ ಹಾಲು ಹೋದರೆ ತಡೆದುಕೊಳ್ಳಬಲ್ಲನು. ಒಂದೇ ಎಮ್ಮೆಯಿರುವ ವಿಧವೆಯ ಮನೆಗೆ ಅದು ಅಂದಿನ ಅಕ್ಕಿ ರಾಗಿಯ ಹಣವೇ ಆಗಿರುವುದು.