ಮುಳ್ಳು ಸುಳ್ಳಾಡಿದಾಗ

ಮೋಟಾರು ಕಾರಿನಲ್ಲಿ ಚಾಲಕನ ಕಣ್ಣೆದುರಿಗಿರುವ ವೇಗಮಾಪಕವು ವೇಗವನ್ನು ಅಳೆಯುವುದೇ ಇಲ್ಲವೆಂದರೆ ಓದುಗರು ನಮ್ಮನ್ನು ಸಂಶಯದಿಂದ ನೋಡಬಹುದು. ಆದರೂ ಮಾತು ನಿಜ. ನೆಲವು ಹಿಂದಕ್ಕೆ ಸರಿಯುವುದಾಗಲಿ, ಕಿಲೋಮೀಟರು ಕಲ್ಲುಗಳು ದಾಟಿಹೋಗುವುದಾಗಲಿ ಆ ಉಪಕರಣಕ್ಕೆ ಕಾಣದು. ಹಳೆಯ ಕಾರಿನ ವೇಗಮಾಪಕಕ್ಕೆ ಗೊತ್ತಿರುವುದು ಒಂದೇ: ತನ್ನ ಬೆನ್ನಿಗೆ ಬಂದು ಸೇರಿರುವ ತಂತಿಯೊಂದು ಎಷ್ಟು ರಭಸದಿಂದ ತಿರುಗುತ್ತಿದೆ ಎಂಬುದು. ಆ ತಿರುಗುವಿಕೆಯನ್ನು ಘಂಟೆಗೆ ಇಷ್ಟು ಮೈಲಿ ಎಂದೋ ಇಷ್ಟು ಕಿಲೋಮೀಟರು ಎಂದೋ ಓದುವುದು ತಯಾರಕರು ಮಾಡಿಟ್ಟ ಒಂದು ಒಪ್ಪಂದ ಮಾತ್ರ. ಒಪ್ಪಂದವು ಎಲ್ಲಿಯಾದರೂ ಮುರಿದರೆ ಮುಳ್ಳು ಸುಳ್ಳು ಹೇಳುತ್ತದೆ. ನಿಜ ಹೇಳುವಾಗ ಇದ್ದ ಗಾಂಭೀರ್ಯವನ್ನು ಆಗಲೂ ಬಿಡುವುದಿಲ್ಲ.

ಇಂದಿನ ಹೊಸ ಕಾರುಗಳಲ್ಲಿ ಈ ತಂತಿಯಿಲ್ಲ. ಚಕ್ರದ ಅಥವಾ ಗೇರುಪೆಟ್ಟಿಗೆಯ ಬಳಿಯಲ್ಲಿರುವ ಸಂವೇದಕವೊಂದು ವಿದ್ಯುತ್ ಸ್ಪಂದನಗಳನ್ನು ಕಳುಹಿಸುತ್ತದೆ. ಎಣಿಕೆಯ ಕೆಲಸವನ್ನು ಇಲೆಕ್ಟ್ರಾನಿಕ್ ಮಂಡಲವು ಮಾಡುತ್ತದೆ. ಆದರೆ ಹಳೆಯ ಅಂಬಾಸಡರ್, ಫಿಯಟ್ ಕಾರುಗಳಲ್ಲಿಯೂ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಲ್ಲಿಯೂ ಇದ್ದುದು ತಂತಿಯ ವೇಗಮಾಪಕವೇ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಹಳೆಯ ಕಾರುಗಳನ್ನು ನೋಡಿದವರು, ಅವುಗಳ ಗುಂಡು ಗಾಜಿನ ಮುಖಫಲಕಗಳನ್ನು ಮರೆತಿರಲಾರರು.

ಅವುಗಳ ಒಳಗೇನಿದೆ ಎಂಬುದನ್ನು ನೋಡೋಣ. ಗೇರುಪೆಟ್ಟಿಗೆಯಿಂದ ಹೊರಬರುವ ದಂಡಕ್ಕೆ ಒಂದು ಚಿಕ್ಕ ಹಲ್ಲುಗಾಲಿಯನ್ನು ಜೋಡಿಸಿರುತ್ತಾರೆ. ಚಕ್ರಗಳು ತಿರುಗಿದಾಗಲೆಲ್ಲ ಅದೂ ತಿರುಗಿ, ಉಕ್ಕಿನ ಎಳೆಗಳಿಂದ ಹೊಸೆದ ಒಂದು ಬಾಗುವ ಕೇಬಲನ್ನು ತಿರುಗಿಸುತ್ತದೆ. ಕೇಬಲಿನ ಮೇಲ್ತುದಿಯು ಚೌಕಾಕಾರವಾಗಿದ್ದು, ವೇಗಮಾಪಕದೊಳಗಿನ ಪುಟ್ಟ ಆಯಸ್ಕಾಂತವನ್ನು ಸುತ್ತಿಸುತ್ತದೆ. ಆಯಸ್ಕಾಂತವನ್ನು ಕವಿದುಕೊಂಡು, ಆದರೆ ಅದಕ್ಕೆ ತಗುಲದೆ, ಅಲ್ಯೂಮಿನಿಯಮಿನ ಒಂದು ತೆಳು ಬಟ್ಟಲಿದೆ. ಮುಳ್ಳು ಕುಳಿತಿರುವುದು ಈ ಬಟ್ಟಲಿನ ಅಚ್ಚಿನ ಮೇಲೆ. ಕೈಗಡಿಯಾರದಲ್ಲಿರುವಂಥ ಕೂದಲೆಳೆಯ ಸುರುಳಿ ಸ್ಪ್ರಿಂಗೊಂದು ಮುಳ್ಳನ್ನು ಸದಾ ಸೊನ್ನೆಯ ಕಡೆಗೆ ಎಳೆಯುತ್ತಿರುತ್ತದೆ.

ಅಲ್ಯೂಮಿನಿಯಮು ಆಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಹಾಗಿದ್ದ ಮೇಲೆ ಬಟ್ಟಲು ತಿರುಗುವುದೇಕೆ? 1824ರಲ್ಲಿ ಫ್ರಾನ್ಸಿನ ಅರಾಗೋ ಎಂಬ ವಿಜ್ಞಾನಿ ತಾಮ್ರದ ತಟ್ಟೆಯೊಂದನ್ನು ತಿರುಗಿಸಿದಾಗ ಅದರ ಮೇಲೆ ತೂಗುಹಾಕಿದ್ದ ಕಾಂತಸೂಚಿಯೂ ತಿರುಗತೊಡಗಿದುದನ್ನು ಕಂಡು ಇದೇ ಪ್ರಶ್ನೆಯನ್ನು ಎದುರಿಸಿದ್ದನು. ಉತ್ತರವು ದೊರೆತುದು 1831ರಲ್ಲಿ ಫ್ಯಾರಡೆ ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ ಮೇಲೆ. ಚಲಿಸುವ ಆಯಸ್ಕಾಂತವು ತನ್ನ ಬಳಿಯಲ್ಲಿರುವ ವಾಹಕದಲ್ಲಿ ವಿದ್ಯುತ್ಪ್ರವಾಹವನ್ನು ಹುಟ್ಟಿಸುತ್ತದೆ. ಹುಲಿಗಿಯ ನೆರೆಯ ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರಿನ ರಭಸದಿಂದ ವಿದ್ಯುತ್ತು ಹುಟ್ಟುವುದೂ ಈ ನಿಯಮದಿಂದಲೇ. ವ್ಯತ್ಯಾಸವಿಷ್ಟೇ: ಅಲ್ಲಿ ಪ್ರವಾಹವು ತಂತಿಯ ಸುತ್ತುಗಳಲ್ಲಿ ಹರಿದು ಊರೂರಿಗೆ ಹೋಗುತ್ತದೆ, ಇಲ್ಲಿ ಬಟ್ಟಲಿನ ಲೋಹದಲ್ಲಿಯೇ ಹೊಳೆಯ ಸುಳಿಗಳಂತೆ ಸುತ್ತಿ ಸುತ್ತಿ ಅಲ್ಲಿಯೇ ಬಿಸಿಯಾಗಿ ಅಳಿಯುತ್ತದೆ. ಇವಕ್ಕೆ ಸುಳಿಪ್ರವಾಹಗಳೆಂದು ಹೆಸರು. ಸುಳಿಪ್ರವಾಹಕ್ಕೂ ತನ್ನದೇ ಆದ ಕಾಂತಶಕ್ತಿಯುಂಟು. ಅದರಿಂದ ಬಟ್ಟಲು, ಆಯಸ್ಕಾಂತ ತಿರುಗುವ ದಿಕ್ಕಿಗೇ ಎಳೆಯಲ್ಪಡುತ್ತದೆ. ಆಯಸ್ಕಾಂತದ ವೇಗವು ಇಮ್ಮಡಿಯಾದರೆ ಪ್ರವಾಹವು ಇಮ್ಮಡಿ, ಎಳೆತವೂ ಇಮ್ಮಡಿ. ಸ್ಪ್ರಿಂಗು ಅದಕ್ಕೆ ಎದುರಾಗಿ ಇಮ್ಮಡಿ ಕೋನದಷ್ಟು ತಿರುಚಿಕೊಂಡ ಮೇಲೆಯೇ ಮುಳ್ಳು ನಿಲ್ಲುತ್ತದೆ. ಆದುದರಿಂದಲೇ ಮುಖಫಲಕದ ಗೆರೆಗಳನ್ನು ಸಮಾನಾಂತರದಲ್ಲಿ ಬರೆಯಬಹುದು. ಆಟೊ ಶುಲ್ಜ್ ಎಂಬ ಜರ್ಮನ್ ಯಂತ್ರಜ್ಞನು 1902ರಲ್ಲಿ ಈ ಯುಕ್ತಿಗೆ ಪೇಟೆಂಟು ಪಡೆದನು. ಮುಂದೆ ಸುಮಾರು ಮುಕ್ಕಾಲು ಶತಮಾನದ ಕಾಲ ಪ್ರಪಂಚದ ಬಹುಪಾಲು ಕಾರುಗಳು ಇದನ್ನೇ ನೆಚ್ಚಿಕೊಂಡಿದ್ದುವು. ನಮ್ಮ ಮನೆಗಳ ಹಳೆಯ ವಿದ್ಯುತ್ ಮೀಟರಿನಲ್ಲಿ ತಿರುಗುತ್ತಿದ್ದ ಅಲ್ಯೂಮಿನಿಯಮ್ ತಟ್ಟೆಗೆ ಕಡಿವಾಣ ಹಾಕುತ್ತಿದ್ದುದೂ ಸುಳಿಪ್ರವಾಹವೇ.

ಇಲ್ಲಿ ಬಿಸಿಲಿನ ಪ್ರಶ್ನೆಯೊಂದು ಏಳುತ್ತದೆ. ಕೊಪ್ಪಳದ ಸೀಮೆಯವರು ಇದನ್ನು ಕೇಳಲೇಬೇಕು. ಅಲ್ಯೂಮಿನಿಯಮಿನ ವಿದ್ಯುತ್ ನಿರೋಧವು ಒಂದೊಂದು ಸೆಂಟಿಗ್ರೇಡ್ ಡಿಗ್ರಿಗೂ ಸುಮಾರು 0.4%ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ ಸರಿಯಾಗಿದ್ದ ಮಾಪಕವು 45 ಡಿಗ್ರಿಯ ಕಾವಿನಲ್ಲಿ, ಬೇರೆ ಏರ್ಪಾಡಿಲ್ಲದಿದ್ದರೆ, ಸುಮಾರು 9% ಕಡಮೆ ತೋರಿಸಬೇಕು. ಇದನ್ನು ತಪ್ಪಿಸಲು ಆಯಸ್ಕಾಂತದ ಪಕ್ಕದಲ್ಲಿ ನಿಕ್ಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ಒಂದು ಬಿಲ್ಲೆಯನ್ನಿಟ್ಟಿರುತ್ತಾರೆ. ತಂಪಿನಲ್ಲಿ ಅದು ಕಾಂತಬಲದ ಒಂದು ಪಾಲನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬಿಸಿಯಾದಂತೆ ಅದರ ಆ ಶಕ್ತಿ ಕುಗ್ಗಿ, ಬಟ್ಟಲಿಗೆ ಹೆಚ್ಚು ಪಾಲು ದೊರೆಯುತ್ತದೆ. ಒಂದರ ನಷ್ಟವನ್ನು ಇನ್ನೊಂದು ತುಂಬುತ್ತದೆ. ಇಷ್ಟು ಸೊಗಸಾದ ಪರಿಹಾರವನ್ನು ಕಾಣದಂತೆ ಒಳಗೆ ಮುಚ್ಚಿಟ್ಟಿರುವುದು ನಮಗೆ ಸ್ವಲ್ಪ ಅನ್ಯಾಯವೆಂದೇ ತೋರುತ್ತದೆ.

ಇನ್ನು ಹುಲಿಗಿಯ ಪ್ರಸಂಗಕ್ಕೆ ಬರೋಣ. ಹುಣ್ಣಿಮೆಯ ದಿನ ಹುಲಿಗೆಮ್ಮನ ದರ್ಶನಕ್ಕೆ ಬರುವ ಜನಸಂದಣಿಯನ್ನು ಆ ಪ್ರಾಂತದವರಿಗೆ ವರ್ಣಿಸಬೇಕಾಗಿಲ್ಲ. ಅಂಥ ಒಂದು ದಿನ ಕುಷ್ಟಗಿಯ ಕಡೆಯಿಂದ ನಮ್ಮ ಮಿತ್ರರೊಬ್ಬರು ತಮ್ಮ ಎಂ.ಜಿ. ಕಾರಿನಲ್ಲಿ ಬಂದರು. ಅದು ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ತಯಾರಾದ, ಇಬ್ಬರು ಕೂರುವ ಕ್ರೀಡಾ ಕಾರು. ಫಲಕದಲ್ಲಿರುವುದು ಮೈಲಿಯ ಲೆಕ್ಕ. ಹಿಂದಿನಿಂದ ಅವರ ಅಳಿಯ ಹೊಸ ಕಾರಿನಲ್ಲಿ ಬರುತ್ತಿದ್ದ. ಹುಲಿಗಿಯಲ್ಲಿ ಗಾಡಿ ನಿಲ್ಲಿಸಿದೊಡನೆ ವಾದ ಹತ್ತಿತು. ಮಾವನವರ ಮುಳ್ಳು ದಾರಿಯುದ್ದಕ್ಕೂ 40 ಮೈಲಿಯಲ್ಲಿತ್ತಂತೆ, ಎಂದರೆ 64 ಕಿಲೋಮೀಟರು. ಅಳಿಯನ ಕಾರು ಅಷ್ಟೇ ಅಂತರದಲ್ಲಿ ಹಿಂಬಾಲಿಸುತ್ತ 85 ಕಿಲೋಮೀಟರು ತೋರಿಸಿತ್ತಂತೆ. “ಎರಡರಾಗ ಯಾವುದು ಖರೆ, ಸರ?” ಎಂದು ಇಬ್ಬರೂ ನಮ್ಮತ್ತ ತಿರುಗಿದರು.

ಎರಡೂ ಖರೆಯಲ್ಲವೆಂದು ಕೊನೆಗೆ ತಿಳಿದುಬಂತು. ಆದರೆ ಅದನ್ನು ತಿಳಿಯಲು ಪರೀಕ್ಷೆ ಬೇಕಾಯಿತು. ಮರುದಿನ ಬೆಳಗ್ಗೆ ಹಿಟ್ನಾಳದಿಂದ ಕುಷ್ಟಗಿಯ ಕಡೆಗೆ ಹೋಗುವ ನಾಲ್ಕು ಪಥದ ಹೆದ್ದಾರಿಯಲ್ಲಿ, ದಟ್ಟಣೆಯಿಲ್ಲದ ವೇಳೆಯಲ್ಲಿ, ಮಿತ್ರರು ಮುಳ್ಳನ್ನು 40 ಮೈಲಿಯಲ್ಲಿಯೇ ನಿಲ್ಲಿಸಿ ಓಡಿಸಿದರು. ಗಡಿಯಾರ ಹಿಡಿದವರು ನಾವು. (ಚಾಲಕನು ಗಡಿಯಾರ ನೋಡಕೂಡದು.) ಕಿಲೋಮೀಟರು ಕಲ್ಲುಗಳು ಹಲವೊಮ್ಮೆ ಒಂದೆರಡು ಮಾರು ಅತ್ತಿತ್ತ ಇರುವುದುಂಟು. ಆದುದರಿಂದ ಒಂದು ಕಿಲೋಮೀಟರನ್ನು ನಂಬದೆ ಐದನ್ನು ಅಳೆಯುವುದು ಲೇಸು. ಐದು ಕಿಲೋಮೀಟರಿಗೆ ಹಿಡಿದ ಕಾಲ 3 ನಿಮಿಷ 38 ಸೆಕೆಂಡು. 18,000ವನ್ನು 218ರಿಂದ ಭಾಗಿಸಿದರೆ ಘಂಟೆಗೆ 82.6 ಕಿಲೋಮೀಟರು. ಕೈಫೋನಿನ ಉಪಗ್ರಹಾಧಾರಿತ ಲೆಕ್ಕವೂ ಇದಕ್ಕೆ ಒಪ್ಪಿತು. ಅಳಿಯನ ಕಾರು ತುಸು ಹೆಚ್ಚು ಹೇಳಿದುದು ದೋಷವಲ್ಲ, ಬುದ್ಧಿಪೂರ್ವಕವಾದ ಏರ್ಪಾಡು: ವೇಗಮಾಪಕವು ನಿಜವೇಗಕ್ಕಿಂತ ಎಂದಿಗೂ ಕಡಮೆ ತೋರಿಸಕೂಡದು, ಹೆಚ್ಚೆಂದರೆ ನಿಜವೇಗದ ಹತ್ತನೆಯ ಒಂದು ಪಾಲಿನ ಮೇಲೆ 4 ಕಿಲೋಮೀಟರಿನಷ್ಟು ಅಧಿಕವಾಗಿ ತೋರಿಸಬಹುದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ ಕಟ್ಟಳೆ. ಮಾವನವರ ಮುಳ್ಳು ಮಾತ್ರ ಕಡಮೆ ಹೇಳುತ್ತಿತ್ತು, ಅಪಾಯವಿರುವುದು ಅಲ್ಲಿಯೇ.

ಎಷ್ಟು ಅಪಾಯ? ಚಾಲಕನು ಎಚ್ಚೆತ್ತು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಬೇಕೆಂದೂ, ಬ್ರೇಕು ಸೆಕೆಂಡಿಗೆ 6 ಮೀಟರಿನಂತೆ ವೇಗವನ್ನು ತಗ್ಗಿಸುವುದೆಂದೂ ಇಟ್ಟುಕೊಳ್ಳೋಣ. 64 ಕಿಲೋಮೀಟರು ವೇಗದಲ್ಲಿದ್ದ ಕಾರು ಸುಮಾರು 45 ಮೀಟರಿನೊಳಗೆ ನಿಲ್ಲುತ್ತದೆ. 82.6ರಲ್ಲಿದ್ದುದು ನಿಲ್ಲಲು 67 ಮೀಟರು ಬೇಕು. ವೇಗವು 28% ಹೆಚ್ಚಿದರೆ ಚಲನಶಕ್ತಿಯು ಅದರ ವರ್ಗದಂತೆ 64% ಹೆಚ್ಚುತ್ತದೆಯಲ್ಲವೆ? ಹುಣ್ಣಿಮೆಯ ದಿನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ರಸ್ತೆಯ ಅಂಚಿನಲ್ಲಿ ನಡೆದುಬರುವ ಭಕ್ತರ ನಡುವೆ ಈ 22 ಮೀಟರಿನ ಅರ್ಥವೇನೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ದೋಷವನ್ನು ಹುಡುಕಲು ಉಪಕರಣವನ್ನು ಬಿಚ್ಚುವುದಕ್ಕೆ ಮೊದಲು ಯೋಚಿಸಬೇಕು. ವೇಗದ ಮುಳ್ಳೂ ದೂರವನ್ನು ಎಣಿಸುವ ಅಂಕಿಗಾಲಿಗಳೂ ಒಂದೇ ಕೇಬಲಿನಿಂದ ನಡೆಯುತ್ತವೆ. ಆದರೆ ಅಂಕಿಗಾಲಿಗಳು ಹಲ್ಲುಗಳ ಮೂಲಕ ನೇರವಾಗಿ, ಮುಳ್ಳು ಸುಳಿಪ್ರವಾಹದ ಮೂಲಕ. ಎರಡೂ ಸತ್ತಿದ್ದರೆ ಕೇಬಲು ತುಂಡಾಗಿದೆ, ಇಲ್ಲವೆ ಕೆಳಗಿನ ಹಲ್ಲುಗಾಲಿ ಸವೆದಿದೆ. ಅಂಕಿಗಳು ಉರುಳುತ್ತ ಮುಳ್ಳು ಮಾತ್ರ ಮಲಗಿದ್ದರೆ ದೋಷವು ಆಯಸ್ಕಾಂತ, ಬಟ್ಟಲು, ಸ್ಪ್ರಿಂಗುಗಳಲ್ಲಿಯೇ. ಮುಳ್ಳು ನಡುಗುತ್ತಿದ್ದರೆ ಕೇಬಲು ಒಣಗಿದೆ ಅಥವಾ ಎಲ್ಲಿಯೋ ಗಿಡ್ಡವಾಗಿ ಬಾಗಿದೆ. ಒಳತಂತಿಯನ್ನು ಹೊರಗೆಳೆದು ಮೇಜಿನ ಮೇಲೆ ಉರುಳಿಸಿದರೆ ಸೊಟ್ಟವಿರುವ ಜಾಗದಲ್ಲಿ ಅದು ಎಗರುತ್ತದೆ. ಕಾರು ಮೆಲ್ಲಗೆ ಹೊರಟೊಡನೆ ಮುಳ್ಳು ಕೊನೆಯ ಅಂಕಿಗೆ ಹಾರಿ ಅಲ್ಲಿಯೇ ನಿಂತರೆ, ಯಾರೋ ಕೇಬಲಿಗೆ ಧಾರಾಳವಾಗಿ ಗ್ರೀಸು ತುಂಬಿದ್ದಾರೆ; ಅದು ತಿರುಗುವ ತಂತಿಯನ್ನು ಹಿಡಿದು ಮೇಲೇರಿ ಬಟ್ಟಲನ್ನೂ ಆಯಸ್ಕಾಂತವನ್ನೂ ಅಂಟಿಸಿಬಿಟ್ಟಿದೆ.

ಮಿತ್ರರ ಕಾರಿನಲ್ಲಿ ಇವಾವುವೂ ಇರಲಿಲ್ಲ. ಮುಳ್ಳು ನಿಶ್ಚಲವಾಗಿ, ಅಂಕಿಗಳು ಸರಾಗವಾಗಿ ನಡೆಯುತ್ತಿದ್ದುವು. ಎಲ್ಲ ವೇಗಗಳಲ್ಲಿಯೂ ಒಂದೇ ಅನುಪಾತದ ತಪ್ಪು. ಹೀಗಿದ್ದರೆ ಯಂತ್ರವು ಕೆಟ್ಟಿಲ್ಲ, ಒಪ್ಪಂದವು ಕೆಟ್ಟಿದೆ. ಮೊದಲು ಟೈರನ್ನು ಶಂಕಿಸಬೇಕು. ತಕ್ಕುದಕ್ಕಿಂತ ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಮುಳ್ಳು ಕಡಮೆ ಹೇಳುತ್ತದೆ. ಆದರೆ ಟೈರಿನ ಅಳತೆ ಸರಿಯಾಗಿತ್ತು. ಸವಕಳಿಯಿಂದ ಆಗುವ ಭೇದವೋ 2% ಮೀರದು, ಅದೂ ವಿರುದ್ಧ ದಿಕ್ಕಿಗೆ. 28%ಗೆ ಬೇರೆ ಕಾರಣವೇ ಇರಬೇಕು.

ಕಾರಣವು ಮುಖಫಲಕದ ಮೇಲೆಯೇ ಅಚ್ಚಾಗಿತ್ತು. ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿದ್ದ ಸ್ಮಿತ್ಸ್ ವೇಗಮಾಪಕಗಳ ಫಲಕದಲ್ಲಿ ಚಿಕ್ಕ ಅಕ್ಷರಗಳಲ್ಲಿ ಒಂದು ಸಂಖ್ಯೆಯಿರುತ್ತದೆ. ಒಂದು ಮೈಲಿ ದೂರಕ್ಕೆ ಕೇಬಲು ಎಷ್ಟು ಸುತ್ತು ತಿರುಗಬೇಕೆಂಬುದನ್ನು ಅದು ಹೇಳುತ್ತದೆ. ಇಲ್ಲಿದ್ದುದು 1280. ಕಾರಿಗೆ ನಿಜವಾಗಿ ಬೇಕಾದುದೆಷ್ಟೆಂದು ತಿಳಿಯುವುದು ಬಲು ಸುಲಭ. ಕೇಬಲನ್ನು ಮಾಪಕದ ಬೆನ್ನಿನಿಂದ ಬಿಡಿಸಿ, ಒಳತಂತಿಯ ತುದಿಗೆ ರಟ್ಟಿನ ಚೂರೊಂದನ್ನು ಬಾವುಟದಂತೆ ಸಿಕ್ಕಿಸಿ, ಗೇರನ್ನು ತಟಸ್ಥದಲ್ಲಿಟ್ಟು, ಸಮನಾದ ಅಂಗಳದಲ್ಲಿ ಕಾರನ್ನು ಪಟ್ಟಿ ಹಿಡಿದು ಅಳೆದ 20 ಮೀಟರು ನೂಕಿದೆವು. ಬಾವುಟವು ಹನ್ನೆರಡೂವರೆ ಸುತ್ತು ತಿರುಗಿತು. ಮೀಟರಿಗೆ 0.625 ಸುತ್ತು, ಮೈಲಿಯೆಂದರೆ 1609 ಮೀಟರಾದುದರಿಂದ ಮೈಲಿಗೆ 1006. ಈ ಕಾರು ಬೇಡುವುದು 1000 ಎಂಬ ಫಲಕವನ್ನು. 1280ನ್ನು 1000ದಿಂದ ಭಾಗಿಸಿದರೆ ಹೆದ್ದಾರಿಯಲ್ಲಿ ಕಂಡ ತಪ್ಪು ಅಕ್ಷರಶಃ ಹೊರಬೀಳುತ್ತದೆ.

ಹೀಗಾದುದೇಕೆ? ಮೂಲ ವೇಗಮಾಪಕವು ಕೆಲವು ವರ್ಷಗಳ ಹಿಂದೆ ಗ್ರೀಸು ಏರಿ ಕೆಟ್ಟಿತ್ತು. ಆಗ ಕಾರ್ಯಾಗಾರವೊಂದರಲ್ಲಿ ಅದೇ ಗಾತ್ರದ, ಅದೇ ಮುಖದ ಇನ್ನೊಂದನ್ನು ಕೂರಿಸಿಕೊಟ್ಟಿದ್ದರು. ಹೊರನೋಟಕ್ಕೆ ಎರಡೂ ಅವಳಿಜವಳಿ. ಗೇರುಪೆಟ್ಟಿಗೆಯ ಭೇದಕ್ಕೆ ತಕ್ಕಂತೆ ಒಂದೇ ಮುಖದ ಮಾಪಕಗಳನ್ನು ಬೇರೆ ಬೇರೆ ಸಂಖ್ಯೆಗಳಿಗೆ ಹೊಂದಿಸುತ್ತಿದ್ದರೆಂಬುದು ಅಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

ಕ್ರೀಡಾ ಕಾರಿನಲ್ಲಿ ಇದನ್ನು ಪತ್ತೆಹಚ್ಚಲು ಇನ್ನೊಂದು ಸಾಕ್ಷಿಯೂ ಪಕ್ಕದಲ್ಲಿಯೇ ಕುಳಿತಿರುತ್ತದೆ: ಎಂಜಿನಿನ ಸುತ್ತುಗಳನ್ನು ತೋರಿಸುವ ಮಾಪಕ. ಮೇಲಿನ ಗೇರಿನಲ್ಲಿ ಎಂಜಿನು ನಿಮಿಷಕ್ಕೆ 1000 ಸುತ್ತು ತಿರುಗುತ್ತಿರಲಿ. ಹಿಂದಿನ ಅಚ್ಚಿನ ಹಲ್ಲುಗಳ ಅನುಪಾತ 3.9 ಆಗಿದ್ದರೆ ಚಕ್ರವು 256 ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ 1.9 ಮೀಟರೆಂದರೆ ಘಂಟೆಗೆ ಸುಮಾರು 29 ಕಿಲೋಮೀಟರಾಯಿತು. ಸುತ್ತುಗಳು 2000 ಆದಾಗ ವೇಗಮಾಪಕವು 58ರ ಸುಮಾರಿಗೆ ಇರದಿದ್ದರೆ ಎರಡರಲ್ಲೊಂದು ಸುಳ್ಳಾಡುತ್ತಿದೆ.

1000 ಸಂಖ್ಯೆಯ ಮಾಪಕವೊಂದನ್ನು ಮಿತ್ರರು ತರಿಸಿದರು. ಕೂರಿಸುವುದು ಅರ್ಧ ದಿನದ ಕೆಲಸ. ಮೊದಲು ಬ್ಯಾಟರಿಯ ಸಂಬಂಧವನ್ನು ಕಳಚಬೇಕು. ಬೆನ್ನಿನ ತಿರುಪನ್ನು ಬಿಚ್ಚಿ ಕೇಬಲನ್ನೂ, ದೀಪಗಳ ಹಿಡಿಕೆಗಳನ್ನೂ, ಮಾಪಕವನ್ನು ಬಿಗಿದಿರುವ ಪಟ್ಟಿಯನ್ನೂ ತೆಗೆದರೆ ಮಾಪಕವು ಚಾಲಕನ ಕಡೆಗೆ ಜಾರಿಬರುತ್ತದೆ. ಹೊಸದನ್ನಿಡುವಾಗ ಕೇಬಲಿನ ದಾರಿಯ ಮೇಲೆ ಕಣ್ಣಿರಲಿ: ಎಲ್ಲಿಯೂ 15 ಸೆಂಟಿಮೀಟರಿಗಿಂತ ಕಿರಿದಾದ ತ್ರಿಜ್ಯದಲ್ಲಿ ಬಾಗಬಾರದು. ಒಳತಂತಿಗೆ ಗ್ರೀಸನ್ನು ತೆಳುವಾಗಿ ಸವರಿ, ಮೇಲಿನ ಗೇಣುದ್ದವನ್ನು ಒಣದಾಗಿಯೇ ಬಿಡಬೇಕು. ಮುಳ್ಳನ್ನು ಬೆರಳಿನಿಂದ ತಳ್ಳಿ ನೋಡುವ ಚಪಲವನ್ನು ಯಾರೂ ಇಟ್ಟುಕೊಳ್ಳಬಾರದು. ಆ ಸ್ಪ್ರಿಂಗಿಗೆ ಬೆರಳಿನ ಬಲವನ್ನು ತಾಳುವ ಶಕ್ತಿಯಿಲ್ಲ.

ಮತ್ತೆ ಅದೇ ಹೆದ್ದಾರಿ, ಅದೇ ಐದು ಕಲ್ಲುಗಳು. ಮುಳ್ಳು 50 ಮೈಲಿಯಲ್ಲಿದ್ದಾಗ ಹಿಡಿದ ಕಾಲ 3 ನಿಮಿಷ 46 ಸೆಕೆಂಡು, ನಿಜವೇಗ 49.5 ಮೈಲಿ. ನೂರಕ್ಕೆ ಒಂದರಷ್ಟು ಹೆಚ್ಚು ತೋರಿಸುತ್ತದೆ, ಇರಲಿ.

ತಪ್ಪು ಮಾಪಕದಿಂದ ಮಿತ್ರರಿಗೆ ಇನ್ನೊಂದು ಚಿಂತೆಯೂ ಅಂಟಿಕೊಂಡಿತ್ತು. ಲೀಟರು ಪೆಟ್ರೋಲಿಗೆ ಕಾರು 9 ಕಿಲೋಮೀಟರು ಮಾತ್ರ ಓಡುತ್ತದೆಂದು ಅವರು ಕಾರ್ಬುರೇಟರನ್ನು ಎರಡು ಬಾರಿ ಬಿಚ್ಚಿಸಿದ್ದರು. ದೂರದ ಅಂಕಿಗಳೂ ಅದೇ ಕೇಬಲಿನ ಸುತ್ತುಗಳನ್ನು 1280ಕ್ಕೊಂದು ಮೈಲಿಯಂತೆ ಎಣಿಸುತ್ತಿದ್ದುದರಿಂದ, ಸಾವಿರ ಮೈಲಿ ನಡೆದ ಕಾರಿಗೆ 781 ಮೈಲಿಯಷ್ಟೇ ಜಮೆಯಾಗುತ್ತಿತ್ತು. ಹೊಸ ಮಾಪಕ ಬಂದ ತಿಂಗಳು ಲೆಕ್ಕ ಹಾಕಿದಾಗ ಲೀಟರಿಗೆ ಹನ್ನೊಂದೂವರೆ ಕಿಲೋಮೀಟರು ಬಂತು. ಈ ಬಾರಿ ಕಾರ್ಬುರೇಟರನ್ನು ಯಾರೂ ಮುಟ್ಟಿರಲಿಲ್ಲ.