ಋತುಮಾನವೂ ಶೈಕ್ಷಣಿಕ ಪ್ರವಾಸವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶವನ್ನು ಯಾವ ತಿಂಗಳಲ್ಲಿ ಬೇಕಾದರೂ ಓದಬಹುದು. ದೇಶವನ್ನು ಹಾಗೆ ಸುತ್ತಲಾಗದು. ಶಾಲೆಗಳು ಪ್ರವಾಸವನ್ನು ಯೋಜಿಸುವಾಗ ಬಸ್ಸಿನ ಬಾಡಿಗೆ, ವಸತಿ, ಊಟೋಪಚಾರ, ರಜೆಯ ದಿನಗಳು ಇವೆಲ್ಲವೂ ಚರ್ಚೆಗೆ ಬರುತ್ತವೆ. ಆದರೆ ಆ ದಿನಗಳಲ್ಲಿ ಆ ಪ್ರದೇಶದ ಹವೆ ಹೇಗಿರುವುದೆಂಬ ಪ್ರಶ್ನೆಯು ಬಹುಮಟ್ಟಿಗೆ ಕೊನೆಯಲ್ಲಿ ಉಳಿಯುತ್ತದೆ. ಕೆಲವೊಮ್ಮೆ ಕೇಳಲ್ಪಡುವುದೇ ಇಲ್ಲ. ಪರರ ಮಕ್ಕಳನ್ನು ಕೈಹಿಡಿದು ಕರೆದೊಯ್ಯುವವರಿಗೆ ಈ ಪ್ರಶ್ನೆಯೇ ಮೊದಲನೆಯದಾಗಬೇಕೆಂಬುದು ಈ ಲೇಖನದ ಆಶಯ.

"ಪ್ರವಾಸಕ್ಕೆ ಯಾವ ತಿಂಗಳು ಒಳ್ಳೆಯದು?" ಎಂದು ಕೇಳುವುದು ವಾಡಿಕೆ. ಭಾರತದಂತಹ ವಿಶಾಲ ದೇಶದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. "ಈ ತಿಂಗಳಲ್ಲಿ ಯಾವ ಸ್ಥಳ ಒಳ್ಳೆಯದು?" ಎಂದು ಕೇಳಿದರೆ ಮಾತ್ರ ಉತ್ತರ ದೊರೆಯುತ್ತದೆ. ಡಿಸೆಂಬರ್ ತಿಂಗಳ ಒಂದೇ ದಿನ ಕಾಶ್ಮೀರದಲ್ಲಿ ಹಿಮ ಬೀಳುತ್ತಿರಬಹುದು, ದೆಹಲಿಯಲ್ಲಿ ದಟ್ಟ ಮಂಜು ಮುಸುಕಿರಬಹುದು, ತಮಿಳುನಾಡಿನ ಕರಾವಳಿಯಲ್ಲಿ ಮಳೆ ಸುರಿಯುತ್ತಿರಬಹುದು. ಅದೇ ದಿನ ಬಾದಾಮಿ, ಪಟ್ಟದಕಲ್ಲುಗಳಲ್ಲಿ ತಿಳಿಯಾದ ಆಕಾಶವೂ ಹಿತವಾದ ಬಿಸಿಲೂ ಇರಬಹುದು. ಭಾರತ ಹವಾಮಾನ ಇಲಾಖೆಯು ವರ್ಷವನ್ನು ನಾಲ್ಕು ಕಾಲಗಳಾಗಿ ವಿಂಗಡಿಸಿದೆ: ಜನವರಿ-ಫೆಬ್ರವರಿ ಚಳಿಗಾಲ, ಮಾರ್ಚಿಯಿಂದ ಮೇ ವರೆಗೆ ಮುಂಗಾರಿಗೆ ಪೂರ್ವದ ಬೇಸಿಗೆ, ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನೈಋತ್ಯ ಮಾರುತದ ಮಳೆಗಾಲ, ಅಕ್ಟೋಬರಿನಿಂದ ಡಿಸೆಂಬರ್ ವರೆಗೆ ಹಿಂಗಾರಿನ ಕಾಲ. ಈ ವಿಂಗಡಣೆ ಇಡೀ ದೇಶಕ್ಕೆ ಒಂದೇ. ಆದರೆ ಪ್ರತಿಯೊಂದು ಕಾಲದ ಗುಣವು ನಾಡಿನಿಂದ ನಾಡಿಗೆ ಬೇರೆಯಾಗುತ್ತದೆ.

ಇದಕ್ಕೆ ಮುಖ್ಯ ಕಾರಣ ಗಾಳಿ ಮತ್ತು ಬೆಟ್ಟಗಳ ಸಂಬಂಧ. ಬೇಸಿಗೆಯಲ್ಲಿ ಕಾದ ಭೂಭಾಗದ ಕಡೆಗೆ ಸಮುದ್ರದ ತೇವಭರಿತ ಗಾಳಿಯು ಬೀಸತೊಡಗುತ್ತದೆ. ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟುವ ಈ ಮುಂಗಾರು ಜೂನ್ 11ರ ವೇಳೆಗೆ ಮುಂಬಯಿಯನ್ನೂ, ಜೂನ್ 27ರ ವೇಳೆಗೆ ದೆಹಲಿಯನ್ನೂ ತಲುಪಿ, ಜುಲೈ 8ರ ಹೊತ್ತಿಗೆ ಇಡೀ ದೇಶವನ್ನು ವ್ಯಾಪಿಸುತ್ತದೆ. ಸೆಪ್ಟೆಂಬರ್ 17ರ ಸುಮಾರಿಗೆ ಪಶ್ಚಿಮ ರಾಜಸ್ಥಾನದಿಂದ ಹಿಂದೆಗೆಯಲು ಆರಂಭಿಸಿ, ಅಕ್ಟೋಬರ್ 15ರ ವೇಳೆಗೆ ಮರಳಿ ಹೋಗುತ್ತದೆ. ದೇಶದ ವಾರ್ಷಿಕ ಮಳೆಯ ಸುಮಾರು ಮುಕ್ಕಾಲು ಪಾಲು ಈ ನಾಲ್ಕು ತಿಂಗಳುಗಳಲ್ಲಿಯೇ ಬೀಳುವುದು. ಈ ಗಾಳಿಯು ಸಹ್ಯಾದ್ರಿಯನ್ನು ಏರುವಾಗ ತಂಪಾಗಿ ಮಳೆ ಸುರಿಸುತ್ತದೆ. ಬೆಟ್ಟ ದಾಟಿ ಇಳಿಯುವಾಗ ಒಣಗಿರುತ್ತದೆ. ಆದ್ದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ 700 ಸೆಂಟಿಮೀಟರಿಗೂ ಮೀರಿ ಮಳೆಯಾದರೆ, ಅಲ್ಲಿಂದ ಒಂದು ದಿನದೊಳಗೆ ಬಸ್ಸಿನಲ್ಲಿ ತಲುಪಬಹುದಾದ ಚಿತ್ರದುರ್ಗದಲ್ಲಿ ಅದರ ಹತ್ತನೆಯ ಒಂದು ಪಾಲೂ ಆಗುವುದಿಲ್ಲ. ಭೂಗೋಳ ಪಾಠದ ಮಳೆನೆರಳು ಪ್ರದೇಶವೆಂಬ ಮಾತನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಇದಕ್ಕಿಂತ ಉತ್ತಮ ಮಾರ್ಗ ಬೇರೊಂದಿರಲಾರದು.

ಇದೇ ನಿಯಮವು ಹಿಮಾಲಯದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಉತ್ತರಾಖಂಡದ ಕಣಿವೆಗಳು ಮಳೆಯಿಂದಲೂ ಭೂಕುಸಿತದಿಂದಲೂ ತತ್ತರಿಸುತ್ತಿರುವಾಗ, ಪರ್ವತದ ಆಚೆ ಬದಿಯ ಲಡಾಖಿನಲ್ಲಿ ಪ್ರವಾಸದ ಕಾಲ ನಡೆದಿರುತ್ತದೆ. ಲೇಹ್ ಪಟ್ಟಣಕ್ಕೆ ವರ್ಷವಿಡೀ ಸುಮಾರು 10 ಸೆಂಟಿಮೀಟರ್ ಮಳೆಯಷ್ಟೇ. ಹಾಗೆಂದು ಅಲ್ಲಿ ಅಪಾಯವೇ ಇಲ್ಲವೆನ್ನಲಾಗದು; 2010ರ ಆಗಸ್ಟಿನಲ್ಲಿ ಆ ಒಣ ನಾಡಿನಲ್ಲಿಯೇ ಮೇಘಸ್ಫೋಟವಾಗಿ ಅಪಾರ ಪ್ರಾಣಹಾನಿ ಸಂಭವಿಸಿತು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಆ ಊರಿಗೆ ಹೋದವರು ಮೊದಲ ಎರಡು ದಿನ ವಿಶ್ರಾಂತಿ ಪಡೆದು ದೇಹವನ್ನು ತೆಳುಗಾಳಿಗೆ ಒಗ್ಗಿಸಿಕೊಳ್ಳುವುದೂ ಅವಶ್ಯ.

ನಮ್ಮ ಶಾಲೆಗಳ ಪ್ರವಾಸಗಳು ಹೆಚ್ಚಾಗಿ ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ಹೊರಡುತ್ತವೆ. ಮಳೆ ಮುಗಿಯಿತೆಂಬ ನಂಬಿಕೆಯಿಂದ ಅನೇಕರು ಆಗ ಕಂಚಿ, ತಂಜಾವೂರು, ರಾಮೇಶ್ವರಗಳ ಕಡೆ ಹೊರಡುತ್ತಾರೆ. ಆದರೆ ತಮಿಳುನಾಡಿಗೆ ಮಳೆಗಾಲ ಆರಂಭವಾಗುವುದೇ ಆಗ. ಈಶಾನ್ಯದಿಂದ ಬೀಸುವ ಗಾಳಿಯು ಬಂಗಾಳ ಕೊಲ್ಲಿಯ ಮೇಲೆ ತೇವವನ್ನು ಹೀರಿ ಅಲ್ಲಿಯ ಕರಾವಳಿಗೆ ಮಳೆ ತರುತ್ತದೆ. ಆ ರಾಜ್ಯದ ವಾರ್ಷಿಕ ಮಳೆಯ ಅರ್ಧದಷ್ಟು ಅಕ್ಟೋಬರಿನಿಂದ ಡಿಸೆಂಬರ್ ವರೆಗಿನ ಅವಧಿಯದು. 2015ರ ಡಿಸೆಂಬರ್ ಆರಂಭದಲ್ಲಿ ಚೆನ್ನೈ ನಗರವು ಪ್ರವಾಹದಲ್ಲಿ ಮುಳುಗಿ, ರೈಲು ಸಂಚಾರ ಕಡಿದು, ವಿಮಾನ ನಿಲ್ದಾಣವೂ ಕೆಲವು ದಿನ ಮುಚ್ಚಿದ್ದನ್ನು ಮರೆಯಲಾಗದು. ಅದೇ ದೇವಾಲಯಗಳನ್ನು ಜನವರಿಯಲ್ಲಿ ನೋಡಿದರೆ ಮಳೆಯ ಭಯವಿಲ್ಲದೆ, ಹಸಿರಾದ ಕಾವೇರಿ ಬಯಲನ್ನೂ ಕಾಣಬಹುದು.

ಡಿಸೆಂಬರಿನಲ್ಲಿ ಉತ್ತರಕ್ಕೆ ಹೋಗುವವರ ಕಷ್ಟ ಬೇರೆ ಬಗೆಯದು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವಾಯುಕ್ಷೋಭೆಗಳು ಪಂಜಾಬಿಗೆ ಚಳಿಗಾಲದ ಮಳೆಯನ್ನೂ ಹಿಮಾಚಲ-ಕಾಶ್ಮೀರಗಳಿಗೆ ಹಿಮವನ್ನೂ ತರುತ್ತವೆ. ಗೋಧಿ ಬೆಳೆಗೆ ಅದು ಅಮೃತಸಮಾನವಾದರೂ ಗಂಗಾ ಬಯಲಿನಲ್ಲಿ ಡಿಸೆಂಬರ್ ಉತ್ತರಾರ್ಧದಿಂದ ಜನವರಿಯವರೆಗೆ ಕವಿಯುವ ಮಂಜಿನಿಂದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ರಸ್ತೆಯಲ್ಲಿ ಎದುರಿನ ವಾಹನ ಕಾಣದು. ದೆಹಲಿ, ಆಗ್ರಾ, ಕಾಶಿಗಳನ್ನು ನೋಡಲು ಅಕ್ಟೋಬರ್ ಉತ್ತರಾರ್ಧ, ಇಲ್ಲವೇ ಫೆಬ್ರವರಿ ಲೇಸು. ಡಿಸೆಂಬರಿನಲ್ಲಿಯೇ ಹೊರಡಬೇಕಾದವರಿಗೆ ಹಂಪೆ, ಐಹೊಳೆ, ಅಜಂತಾ, ಎಲ್ಲೋರಾಗಳಿರುವ ದಖ್ಖನ್ ಪ್ರಸ್ಥಭೂಮಿಯೇ ತಕ್ಕ ಕ್ಷೇತ್ರ.

ಏಪ್ರಿಲ್-ಮೇ ತಿಂಗಳ ದೀರ್ಘ ರಜೆಯು ಪ್ರವಾಸಕ್ಕೆ ಅನುಕೂಲವೆಂದು ತೋರುವುದಾದರೂ ಅದು ಬಯಲುನಾಡಿನ ಕಠಿಣ ಕಾಲ. ವಾಯವ್ಯ ಭಾರತದಲ್ಲಿ 'ಲೂ' ಎಂಬ ಬಿಸಿಗಾಳಿ ಬೀಸುತ್ತದೆ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ನಮ್ಮ ಉತ್ತರ ಕರ್ನಾಟಕದ ಭಕ್ತರು ನಸುಕಿನಲ್ಲಿಯೂ ಸಂಜೆಯ ಮೇಲೆಯೂ ನಡೆದು, ಮಧ್ಯಾಹ್ನ ನೆರಳಿನಲ್ಲಿ ತಂಗುವುದರಲ್ಲಿ ಅನುಭವದ ವಿವೇಕವಿದೆ. ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಪ್ರಸಾದಗಳನ್ನು ನೀಡುವ ದಾಸೋಹವು ಬಿಸಿಲನ್ನು ಅರಿತವರು ಏರ್ಪಡಿಸಿದ ಸೇವೆ.

ಕಾಲಕ್ಕೆ ತಕ್ಕಂತೆ ನಡೆಯುವ ಈ ವಿವೇಕವು ನಮ್ಮ ಪರಂಪರೆಗೆ ಹೊಸದಲ್ಲ. ಪಂಚಪೀಠಗಳಲ್ಲಿ ಒಂದಾದ ಕೇದಾರವನ್ನೇ ನೋಡಬಹುದು. ಅಲ್ಲಿಯ ರಾವಲರು ಕರ್ನಾಟಕ ಮೂಲದ ವೀರಶೈವರಾಗಿರುವುದು ಪರಂಪರಾಗತ ರೂಢಿ. ಸುಮಾರು 3,580 ಮೀಟರ್ ಎತ್ತರದ ಆ ದೇವಾಲಯವು ವೈಶಾಖದ ಸುಮಾರಿಗೆ ತೆರೆದು, ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ಹಿಮಗಾಲದ ಆರು ತಿಂಗಳು ಉತ್ಸವಮೂರ್ತಿಗೆ ಕೆಳಗಿನ ಉಖೀಮಠದಲ್ಲಿ ಪೂಜೆ. ದೇವರ ಪೂಜೆಯೇ ಋತುವನ್ನು ಅನುಸರಿಸಿ ಸ್ಥಳ ಬದಲಿಸುವಾಗ ಯಾತ್ರಿಕರು ಋತುವನ್ನು ಕಡೆಗಣಿಸುವುದು ಸರಿಯಲ್ಲ.

ಆದರೆ ಪಂಚಾಂಗದ ಲೆಕ್ಕವೊಂದೇ ಸಾಲದೆಂಬುದನ್ನೂ ಕೇದಾರವೇ ಕಲಿಸಿತು. ಜೂನ್ ಮಧ್ಯಭಾಗದಲ್ಲಿ ಉತ್ತರಾಖಂಡಕ್ಕೆ ಮುಂಗಾರು ಸಾಮಾನ್ಯವಾಗಿ ಬಂದಿರುವುದಿಲ್ಲ. ಆದರೆ 2013ರಲ್ಲಿ ಅದು ಜೂನ್ 16ರ ವೇಳೆಗೇ, ವಾಡಿಕೆಗಿಂತ ಸುಮಾರು ಒಂದು ತಿಂಗಳು ಮೊದಲೇ, ಇಡೀ ದೇಶವನ್ನು ವ್ಯಾಪಿಸಿತು. ಆ ದಿನಗಳ ಘೋರ ಮಳೆಯಲ್ಲಿ ದೇವಾಲಯದ ಮೇಲ್ಭಾಗದ ಚೋರಾಬಾರಿ ಸರೋವರವು ಒಡೆದು, ಯಾತ್ರೆಯ ನಡುಗಾಲದಲ್ಲಿದ್ದ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಸರಾಸರಿ ದಿನಾಂಕವು ಪ್ರಕೃತಿಯು ಬರೆದುಕೊಟ್ಟ ಕರಾರುಪತ್ರವಲ್ಲ. ಇದಕ್ಕೆ ಪ್ರತಿಯಾಗಿ, ಎಚ್ಚರಿಕೆಯನ್ನು ಪಾಲಿಸಿದುದರ ಫಲವನ್ನು ಒಡಿಶಾದಲ್ಲಿ ಕಾಣಬಹುದು. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನರು ಮಡಿದರು. 2019ರ ಮೇ 3ರಂದು 'ಫನಿ' ಚಂಡಮಾರುತವು ಪುರಿಯ ಬಳಿ ಅಪ್ಪಳಿಸಿದಾಗ, ಮುನ್ಸೂಚನೆಯ ಮೇರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸ್ಥಳಾಂತರಿಸಿ, ಪ್ರವಾಸಿಗರನ್ನೂ ಊರು ಬಿಡಿಸಲಾಗಿತ್ತು. ಪ್ರಾಣಹಾನಿಯು ಹಲವು ಪಟ್ಟು ಕಡಿಮೆಯಾಯಿತು.

ಆದಕಾರಣ ಪ್ರವಾಸದ ಯೋಜನೆಯು ಎರಡು ಹಂತಗಳಲ್ಲಿ ನಡೆಯಬೇಕು. ಶಾಲೆಯ ವರ್ಷಾರಂಭದಲ್ಲಿಯೇ, ಸಿಗಬಹುದಾದ ರಜೆಯ ದಿನಗಳಿಗೆ ಹೊಂದುವ ಪ್ರದೇಶವನ್ನು ಋತುಮಾನದ ಆಧಾರದ ಮೇಲೆ ಆರಿಸುವುದು ಮೊದಲನೆಯದು. ಆಗಲೇ ಬೇರೊಂದು ದಿಕ್ಕಿನ ಪರ್ಯಾಯ ಮಾರ್ಗವನ್ನೂ ಗೊತ್ತುಮಾಡಿ, ಒಂದು ದಿನವನ್ನು ಮೀಸಲಾಗಿ ಇಟ್ಟುಕೊಳ್ಳಬೇಕು. ಹೊರಡುವ ವಾರದಲ್ಲಿ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯನ್ನು ದಿನವೂ ನೋಡುವುದು ಎರಡನೆಯದು. ಹಸಿರು ಬಣ್ಣವಿದ್ದರೆ ಎಚ್ಚರಿಕೆಯಿಲ್ಲ, ಹಳದಿಯಿದ್ದರೆ ಗಮನಿಸುತ್ತಿರಬೇಕು, ಕಿತ್ತಳೆಯಿದ್ದರೆ ಬದಲಿ ವ್ಯವಸ್ಥೆಗೆ ಸಿದ್ಧರಾಗಬೇಕು, ಕೆಂಪಿದ್ದರೆ ಹೊರಡಲೇಬಾರದು. ಘಟ್ಟದ ರಸ್ತೆಗಳನ್ನು ಹಗಲಿನಲ್ಲಿಯೇ ದಾಟಬೇಕು. ಮಲೆನಾಡಿನಲ್ಲಿ ನೆನೆದ ಮಣ್ಣು ಕುಸಿಯಬಹುದೆಂಬುದಕ್ಕೆ 2018ರ ಆಗಸ್ಟಿನಲ್ಲಿ ಕೊಡಗು ಅನುಭವಿಸಿದ ದುರಂತವೇ ಸಾಕ್ಷಿ.

ಇವೆಲ್ಲವನ್ನೂ ಬಲ್ಲ ಉಪಾಧ್ಯಾಯರೂ ಕೆಲವೊಮ್ಮೆ ಮನಸ್ಸಿಲ್ಲದೆ ಹೊರಡುವುದುಂಟು. ಬಸ್ಸಿಗೆ ಮುಂಗಡ ಕೊಟ್ಟಾಗಿರುತ್ತದೆ. ಪಾಲಕರು ಕಷ್ಟಪಟ್ಟು ಹಣ ಹೊಂದಿಸಿರುತ್ತಾರೆ. ಮಕ್ಕಳು ದಿನ ಎಣಿಸುತ್ತಿರುತ್ತಾರೆ. ಪ್ರವಾಸ ನಿಂತರೆ ಅಪವಾದ ಉಪಾಧ್ಯಾಯರ ತಲೆಗೆ. ಹವೆಯ ಅಪಾಯಕ್ಕಿಂತ ಈ ಸಂಕೋಚವೇ ಹೆಚ್ಚು ಅಪಾಯಕಾರಿ. ಇದನ್ನು ನೀಗಿಸುವುದು ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಕೈಯಲ್ಲಿದೆ. ಅವರು ಕೊಠಡಿಗಳನ್ನು ಕಟ್ಟಿಸಿಕೊಡುವ ಔದಾರ್ಯದ ಒಂದು ಚಿಕ್ಕ ಪಾಲನ್ನು ಪ್ರವಾಸದ ಆಪದ್ಧನವಾಗಿ ಇರಿಸಿದರೆ, ಮುಳುಗಿಹೋಗುವ ಮುಂಗಡವನ್ನೂ ಹೆಚ್ಚುವರಿ ತಂಗುವಿಕೆಯ ವೆಚ್ಚವನ್ನೂ ಅದರಿಂದ ಭರಿಸಬಹುದು. ಆಡಳಿತ ಮಂಡಳಿಯು ಪ್ರವಾಸವನ್ನು ಮುಂದೂಡುವ ಅಧಿಕಾರವನ್ನು ಜೊತೆಯಲ್ಲಿ ಹೋಗುವ ಉಪಾಧ್ಯಾಯರಿಗೇ ಲಿಖಿತವಾಗಿ ಕೊಡಬೇಕು. ಹಾಗೆ ಮುಂದೂಡಿದವರನ್ನು ಯಾರೂ ಆಕ್ಷೇಪಿಸಬಾರದು.

ಜಂಗಮವೆಂದರೆ ಚಲನೆ, ಸಂಚರಿಸುತ್ತ ಅರಿವನ್ನು ಹಂಚುವುದನ್ನು ಹಿರಿದೆಂದು ಬಗೆದ ಪರಂಪರೆ ನಮ್ಮದು. ನಮ್ಮ ಮಕ್ಕಳು ನಾಡನ್ನು ಸುತ್ತಲಿ. ಗಾಳಿ, ಮಳೆ, ಬೆಟ್ಟಗಳ ನಡೆಯನ್ನು ಪುಸ್ತಕದಿಂದಾಚೆಗೂ ಅರಿಯಲಿ. ಹೊರಟ ಮಕ್ಕಳೆಲ್ಲರೂ ಸುಕ್ಷೇಮವಾಗಿ ಮರಳಿ ಶಾಲೆಯ ಅಂಗಳಕ್ಕೆ ಬರುವಂತೆ ನೋಡಿಕೊಳ್ಳುವ ಹೊಣೆಯನ್ನು ಉಪಾಧ್ಯಾಯರು, ಪಾಲಕರು, ದಾನಿಗಳು ಸಮನಾಗಿ ಹೊರುವಂತಾಗಲೆಂದು ಹಾರೈಸುತ್ತೇನೆ.