ಊರ ಮನೆಗೆ ಸಿಡಿಲು ನುಗ್ಗುವುದು ತಂತಿಯ ದಾರಿಯಲ್ಲಿ

ಮುಂಬಯಿ: ವಿಷು ಕಳೆದು ಪತ್ತನಾಜೆ ಬರುವವರೆಗಿನ ದಿನಗಳಲ್ಲಿ ಕರಾವಳಿಯಿಂದ ಈ ಮಹಾನಗರಕ್ಕೆ ಬರುವ ಫೋನುಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ‘ನಿನ್ನೆ ಸಂಜೆಯ ಸಿಡಿಲಿಗೆ ಟಿವಿ ಹೋಯಿತು ಮಗಾ.’ ಟಿವಿ ಅಲ್ಲದಿದ್ದರೆ ಫ್ರಿಜ್, ಅದೂ ಅಲ್ಲದಿದ್ದರೆ ಬಾವಿಯ ಪಂಪು. ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾದಾಗ ಇದೇ ಸುದ್ದಿ ಮತ್ತೊಮ್ಮೆ.

ಹಿಂದೆ ಊರಿನ ಮನೆಯಲ್ಲಿ ನಾಲ್ಕು ಬಲ್ಬು, ಒಂದು ರೇಡಿಯೋ ಇದ್ದರೆ ಹೆಚ್ಚು. ಈಗ ಮಕ್ಕಳು ದುಡಿದು ಕಳುಹಿಸಿದ ಹಣದಲ್ಲಿ ವಾಷಿಂಗ್ ಮೆಷಿನ್, ಇನ್ವರ್ಟರ್, ವೈಫೈ ಎಲ್ಲವೂ ಬಂದಿವೆ. ಅಂಗಳದಲ್ಲಿ ಸಿಸಿಟಿವಿ ಕ್ಯಾಮೆರಾ ಬೇರೆ. ಡೊಂಬಿವಲಿಯಲ್ಲಿ ಕುಳಿತ ಮಗ ರಾತ್ರಿ ಮಲಗುವ ಮುನ್ನ ಅಮ್ಮ ಬಾಗಿಲು ಹಾಕಿದರೋ ಇಲ್ಲವೋ ಎಂದು ಮೊಬೈಲಿನಲ್ಲೇ ನೋಡುತ್ತಾನೆ. ಒಂದು ಸಿಡಿಲಿಗೆ ಆ ಕಣ್ಣು ಮುಚ್ಚಿದರೆ ನಷ್ಟ ಬರೀ ಹಣದ್ದಲ್ಲ.

ಸಿಡಿಲಿನಲ್ಲಿ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ 30,000 ಆಂಪಿಯರ್‌ನಷ್ಟು. ಅದು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ತೋಟದಾಚೆಯ ತೆಂಗಿನ ಮರಕ್ಕೋ ದೂರದ ಕಂಬಕ್ಕೋ ಬಡಿದರೂ ಹತ್ತಿರದ ತಂತಿಗಳಲ್ಲಿ ಸಾವಿರಾರು ವೋಲ್ಟಿನ ಅಲೆಯೇಳುತ್ತದೆ. ಕರೆಂಟಿನ ತಂತಿ, ಟಿವಿ ಕೇಬಲ್, ಮಾಡಿನ ಮೇಲಿನ ಡಿಶ್, ಹಳೆಯ ತಾಮ್ರದ ಟೆಲಿಫೋನ್ ಲೈನು, ಅಂಗಳದ ಕ್ಯಾಮೆರಾದ ವಯರು, ಹೀಗೆ ಹೊರಗಿನಿಂದ ಒಳಗೆ ಬರುವ ಪ್ರತಿಯೊಂದೂ ಅದಕ್ಕೆ ಬಾಗಿಲು. ಫೈಬರ್ ಇಂಟರ್ನೆಟ್ ಗಾಜಿನ ಎಳೆಯಾದುದರಿಂದ ವಿದ್ಯುತ್ತು ಅದರಲ್ಲಿ ಹರಿಯದು. ಆದರೆ ಅದರ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿನ ಪ್ಲಗ್ಗಿನಲ್ಲೇ ಇರುತ್ತದಲ್ಲ!

‘ಸ್ಟೆಬಿಲೈಸರ್ ಹಾಕಿದ್ದೇವೆ’ ಎನ್ನುವವರು ಬಹಳ. ಸ್ಟೆಬಿಲೈಸರ್ ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಸರಿಪಡಿಸುತ್ತದೆ. ಸಿಡಿಲಿನ ಅಲೆ ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲೇ ಬಂದು ಹೋಗುವುದರಿಂದ ಅದು ಎಚ್ಚೆತ್ತುಕೊಳ್ಳುವ ಮೊದಲೇ ಕೆಲಸ ಮುಗಿದಿರುತ್ತದೆ. ಎಂಸಿಬಿಯ ಕಥೆಯೂ ಅಷ್ಟೇ. ಮಾಡಿನ ಮೇಲೆ ನೆಟ್ಟ ಮಿಂಚು ನಿರೋಧಕ ಸಲಾಕೆ ಗೋಡೆಯನ್ನೂ ಮಾಡನ್ನೂ ಕಾಯುತ್ತದೆಯೇ ವಿನಾ ಒಳಗಿನ ಟಿವಿಯನ್ನಲ್ಲ.

ಈ ಅಲೆಯನ್ನು ತಡೆಯಲೆಂದೇ ‘ಸರ್ಜ್ ಪ್ರೊಟೆಕ್ಟರ್’ ಎಂಬ ಚಿಕ್ಕ ಸಾಧನವಿದೆ. ಮೈನ್ ಸ್ವಿಚ್ ಬೋರ್ಡಿನಲ್ಲಿ ಎಲೆಕ್ಟ್ರಿಷಿಯನ್‌ರಿಂದ ಇದನ್ನು ಹಾಕಿಸಬೇಕು. ಸಾಮಾನ್ಯ ಮನೆಗೆ ‘ಟೈಪ್ 2’ ಸಾಕು. ಮಾಡಿನಲ್ಲಿ ಸಲಾಕೆ ಇರುವ ಮನೆಗೆ ‘ಟೈಪ್ 1’ ಕೂಡ ಬೇಕು. ಹೆಚ್ಚುವರಿ ವಿದ್ಯುತ್ತನ್ನು ಅದು ಭೂಮಿಗೆ ದಾಟಿಸುತ್ತದೆ. ಅದರ ವಯರು ಆದಷ್ಟು ಗಿಡ್ಡವಿರಬೇಕು, ಒಟ್ಟು ಅರ್ಧ ಮೀಟರ್ ಮೀರದಿದ್ದರೆ ಒಳ್ಳೆಯದು. ಪೆಟ್ಟು ತಿನ್ನುತ್ತಾ ತಿನ್ನುತ್ತಾ ಈ ಸಾಧನ ಸವೆಯುತ್ತದೆ. ಅದರ ಕಿಟಕಿಯಲ್ಲಿನ ಹಸಿರು ಗುರುತು ಕೆಂಪಾದರೆ ಬದಲಿಸಲೇಬೇಕು. ಟಿವಿಯ ಹಿಂದೆ ಹಾಕುವ ಸ್ಪೈಕ್ ಗಾರ್ಡಿಗೂ ಇದೇ ನಿಯಮ.

ಆದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಇದೆಲ್ಲ ದಂಡ. ನಮ್ಮ ಊರಿನದು ಮುರಕಲ್ಲಿನ ನೆಲ. ಒಣಗಿದರೆ ವಿದ್ಯುತ್ತನ್ನು ಸುಲಭದಲ್ಲಿ ಒಳಗೆ ಬಿಟ್ಟುಕೊಳ್ಳದು. ಸಿಡಿಲಿನ ಕಾಲವಾದ ಏಪ್ರಿಲ್-ಮೇಯಲ್ಲೇ ಅರ್ಥ್ ಗುಂಡಿ ಅತ್ಯಂತ ಒಣಗಿರುತ್ತದೆ! ಇದ್ದಲು-ಉಪ್ಪು ಹಾಕಿದ ಹಳೆಯ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯಬೇಕೆಂದು ಹಿರಿಯ ಎಲೆಕ್ಟ್ರಿಷಿಯನ್‌ಗಳು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಮನೆ ಕಟ್ಟಿದ ವರ್ಷ ಹಾಕಿದ ತಂತಿ ತುಕ್ಕು ಹಿಡಿದು ತುಂಡಾಗಿರುವುದೂ ಅಪರೂಪವಲ್ಲ.

ಸಿಡಿಲಿಗೆ ಸಂಬಂಧವಿಲ್ಲದ ಇನ್ನೊಂದು ಆಪತ್ತಿದೆ. ಗಾಳಿಗೆ ಮರದ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟಿನ ಜಾಗದಲ್ಲಿ 400ರ ಹತ್ತಿರದವರೆಗೂ ಮನೆಯೊಳಗೆ ಬರಬಹುದು. ಬಲ್ಬು ವಿಪರೀತ ಪ್ರಕಾಶಿಸಿದರೆ ತಕ್ಷಣ ಮೈನ್ ಆಫ್ ಮಾಡಬೇಕು. ಇದನ್ನು ತಡೆಯುವುದು ಸರ್ಜ್ ಪ್ರೊಟೆಕ್ಟರಿನ ಕೆಲಸವಲ್ಲ. ವೋಲ್ಟೇಜ್ ಮಿತಿ ಮೀರಿದಾಗ ತಾನಾಗಿ ಕಡಿತಗೊಳಿಸುವ ಬೇರೆಯೇ ಸಾಧನ ಬೇಕು. ಮುಂಬಯಿಯ ಹಳೆಯ ಕಟ್ಟಡಗಳ ಮೀಟರ್ ರೂಮಿನಲ್ಲಿ ನ್ಯೂಟ್ರಲ್ ಸಡಿಲವಾದರೂ ಇದೇ ಅವಾಂತರ. ಸೊಸೈಟಿಯ ಸಭೆಯಲ್ಲಿ ಪಾರ್ಕಿಂಗ್ ಜಗಳದ ನಡುವೆ ಈ ವಿಷಯವನ್ನೂ ಎತ್ತಬಹುದು.

ಇಷ್ಟೆಲ್ಲ ಇದ್ದರೂ ಪ್ಲಗ್ ತೆಗೆದಿಡುವುದಕ್ಕೆ ಸಮನಾದುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು. ಅದರೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸಿಡಿಲಿನ ಅಲೆ ಹಾರಬಲ್ಲದು. ಡಿಶ್ಶಿನ ಕೇಬಲನ್ನೂ ಬಿಚ್ಚಬೇಕು. ಆದರೆ ಮಿಂಚು ತಲೆಯ ಮೇಲೆ ಬಂದ ಮೇಲೆ ವಯಸ್ಸಾದ ತಂದೆ-ತಾಯಿ ಪ್ಲಗ್ ಕೀಳಲು ಹೋಗುವುದು ಬೇಡವೇ ಬೇಡ, ಟಿವಿ ಹೋದರೆ ಹೋಗಲಿ. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆಯೆಂದು ಅರ್ಥ. ಆಮೇಲೆ ವಯರಿನ ಫೋನು, ನಳ್ಳಿಯ ನೀರು ಮುಟ್ಟಬಾರದು, ಕೊನೆಯ ಗುಡುಗಿನ ನಂತರವೂ ಅರ್ಧ ತಾಸು ಕಾಯಬೇಕು. ಚಾರ್ಜಿಗೆ ಹಾಕದ ಮೊಬೈಲಿನಲ್ಲಿ ಮನೆಯೊಳಗೆ ಮಾತನಾಡಲು ಹೆದರಬೇಕಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್‌ನಲ್ಲಿ ಊರಿನ ಸುತ್ತಲಿನ ಸಿಡಿಲಿನ ಮುನ್ಸೂಚನೆ ಇಲ್ಲಿಂದಲೇ ನೋಡಿ, ‘ಅಮ್ಮಾ, ಈಗಲೇ ಪ್ಲಗ್ ತೆಗೆದಿಡಿ’ ಎಂದು ಮೊದಲೇ ತಿಳಿಸಬಹುದು.

ನಮ್ಮವರು ಊರಿಗೆ ಹೋಗುವುದು ಹೆಚ್ಚಾಗಿ ಮೇ ತಿಂಗಳ ರಜೆಯಲ್ಲಿ. ಅಷ್ಟರಲ್ಲಿ ಮೊದಲ ಸಿಡಿಲು ಬಂದು ಹೋಗಿರುತ್ತದೆ. ಆದ್ದರಿಂದ ಅರ್ಥಿಂಗ್ ಪರೀಕ್ಷೆಗೆ ಊರಿನ ಎಲೆಕ್ಟ್ರಿಷಿಯನ್‌ರಿಗೆ ಮಾರ್ಚ್‌ನಲ್ಲೇ ಫೋನು ಮಾಡಬೇಕು. ಏಪ್ರಿಲ್ ಬಂದರೆ ಅವರು ಮದುವೆ, ಬ್ರಹ್ಮಕಲಶಗಳ ದೀಪಾಲಂಕಾರದಲ್ಲಿ ಮುಳುಗಿರುತ್ತಾರೆ, ಕೈಗೆ ಸಿಗುವುದಿಲ್ಲ.